ಸರ್ಕಾರ ಕೊಡದ ಕಿಲ್ಟ್: ಅಮೆರಿಕದ ಸೇನೆಯಲ್ಲಿ ಹೈಲ್ಯಾಂಡರ್‌ಗಳು ಮತ್ತು ಪೈಪ್ ಬ್ಯಾಂಡ್‌ಗಳು

(ಉಪನ್ಯಾಸದ ಬರಹ ರೂಪ)

ಸ್ನೇಹಿತರೆ, ಕಿಲ್ಟ್, ಅಂದರೆ ಸೊಂಟದಿಂದ ಮೊಣಕಾಲಿನವರೆಗಿನ ನೆರಿಗೆಯ ಉಡುಗೆ, ಉಟ್ಟ ಸೈನಿಕ ಎಂದರೆ ನಮಗೆ ತಟ್ಟನೆ ಹೊಳೆಯುವುದು ಬ್ರಿಟಿಷ್ ಸೇನೆ. ಸ್ಕಾಟ್ಲೆಂಡಿನ ಹೈಲ್ಯಾಂಡ್ ಎಂಬ ಬೆಟ್ಟಸೀಮೆಯ ಜನರನ್ನು ಸೇರಿಸಿ ಪಲ್ಟನ್ ಕಟ್ಟಿ, ಅವರ ಉಡುಗೆಯನ್ನೇ ಸಮವಸ್ತ್ರ ಮಾಡಿ, ಸಾಮ್ರಾಜ್ಯದ ಮೂಲೆಮೂಲೆಗೂ ಅವರನ್ನು ಕಳಿಸಿದ್ದು ಆ ಸೇನೆಯೇ. ಅಮೆರಿಕದಲ್ಲೂ ಕಿಲ್ಟ್ ಉಟ್ಟ ಪಲ್ಟನ್ ಇತ್ತು, ಬ್ಯಾಗ್‌ಪೈಪ್ ನುಡಿಸುವ ಪೈಪ್ ಬ್ಯಾಂಡ್‌ಗಳು ಈಗಲೂ ಇವೆ. ಆದರೆ ಅಲ್ಲಿನ ಕಥೆಯೇ ಬೇರೆ. ಬ್ರಿಟನ್ನಿನಲ್ಲಿ ಕಿಲ್ಟ್ ಉಡಿಸಿದ್ದು ಸರ್ಕಾರ. ಅಮೆರಿಕದಲ್ಲಿ ಅದನ್ನು ಉಟ್ಟವರು ಹೊಟ್ಟೆಪಾಡಿಗೆ ಸಮುದ್ರ ದಾಟಿ ಬಂದ ಜನ. ಬೇಕೆಂದು ತಾವೇ ಉಟ್ಟರು, ಬಹುಮಟ್ಟಿಗೆ ತಮ್ಮದೇ ದುಡ್ಡಿನಲ್ಲಿ. ಅಲ್ಲಿನ ಸೇನೆ ಅದನ್ನು ಸಹಿಸಿತು, ಕೆಲವೊಮ್ಮೆ ಮೆಚ್ಚಿತು, ತನ್ನದೆಂದು ಮಾತ್ರ ಒಪ್ಪಿಕೊಳ್ಳಲಿಲ್ಲ. ನನ್ನನ್ನು ಈ ವಿಷಯಕ್ಕೆ ಎಳೆದದ್ದು ಇದೇ ವ್ಯತ್ಯಾಸ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1736ರಲ್ಲಿ ಜಾರ್ಜಿಯಾದ ಡೇರಿಯನ್ ಎಂಬಲ್ಲಿ ಹೈಲ್ಯಾಂಡ್ ಕುಟುಂಬಗಳು ಬಂದು ನೆಲೆಸಿದವು. ದಕ್ಷಿಣಕ್ಕೆ, ಫ್ಲಾರಿಡಾದಲ್ಲಿ ಸ್ಪೇನಿನವರಿದ್ದರು. ಅವರಿಗೆ ಎದುರಾಗಿ ನಿಲ್ಲುವ ಗಟ್ಟಿ ಜನ ಬೇಕೆಂದೇ ಜಾರ್ಜಿಯಾದ ಸ್ಥಾಪಕ ಜೇಮ್ಸ್ ಓಗ್ಲ್‌ಥಾರ್ಪ್ ಇವರನ್ನು ಕರೆಸಿಕೊಂಡಿದ್ದ. ಅವರನ್ನು ನೋಡಲು ಹೋದಾಗ ಈ ಇಂಗ್ಲಿಷ್ ದೊರೆ ತಾನೂ ಹೈಲ್ಯಾಂಡ್ ಉಡುಗೆ ಧರಿಸಿ ಹೋದನಂತೆ. ಜನರ ಮನಸ್ಸು ಗೆಲ್ಲುವ ದಾರಿ ಅವನಿಗೆ ಗೊತ್ತಿತ್ತು.

ಇದಾಗಿ ಹತ್ತು ವರ್ಷಕ್ಕೆ, ಪದಚ್ಯುತ ಸ್ಟುವರ್ಟ್ ರಾಜಮನೆತನದ ಪರವಾಗಿ ಎದ್ದ ಸ್ಕಾಟ್ಲೆಂಡಿನ ಜಾಕೋಬೈಟ್ ದಂಗೆ ಕಲ್ಲೋಡನ್‌ನಲ್ಲಿ ಮುರಿದುಬಿದ್ದ ಮೇಲೆ, ಬ್ರಿಟಿಷ್ ಸಂಸತ್ತು ಹೈಲ್ಯಾಂಡ್ ಉಡುಗೆಯನ್ನೇ ನಿಷೇಧಿಸಿತು. 1746ರ ಆ ಕಾಯ್ದೆ ರದ್ದಾಗಿದ್ದು 1782ರಲ್ಲಿ. ಇದರಲ್ಲಿ ಒಂದು ವಿನಾಯಿತಿ ಇತ್ತು: ರಾಜನ ಸೇನೆಯಲ್ಲಿದ್ದವರು ಉಡಬಹುದು. ಅಂದರೆ ಆ ಮೂವತ್ತಾರು ವರ್ಷ, ತನ್ನ ಅಜ್ಜನ ಬಟ್ಟೆಯನ್ನು ಊರಲ್ಲಿ ನಿರ್ಭಯವಾಗಿ ತೊಡಬೇಕೆಂದರೆ ಒಬ್ಬ ಬೆಟ್ಟಸೀಮೆಯ ಯುವಕ ತನ್ನನ್ನು ಸೋಲಿಸಿದವರ ಸೇನೆಗೇ ಸೇರಬೇಕಿತ್ತು. ಕಿಲ್ಟಿಗೂ ಸಿಪಾಯಿಗಿರಿಗೂ ಗಂಟು ಇಷ್ಟು ಬಿಗಿಯಾದದ್ದು ಹೀಗೆ.

ಅಮೆರಿಕ ಸ್ವಾತಂತ್ರ್ಯಕ್ಕಾಗಿ ಹೋರಾಡಿದಾಗ ಕಿಲ್ಟ್ ಉಟ್ಟ ಪಲ್ಟನ್‌ಗಳು ನಿಂತದ್ದು ಎದುರು ಪಕ್ಷದಲ್ಲಿ. 1776ರ ಫೆಬ್ರವರಿ 27ರ ಬೆಳಗಿನ ಜಾವ, ನಾರ್ತ್ ಕೆರೊಲಿನಾದ ಮೂರ್ಸ್ ಕ್ರೀಕ್ ಸೇತುವೆಯ ಹತ್ತಿರ, ರಾಜನಿಗೆ ನಿಷ್ಠರಾಗಿದ್ದ ಹೈಲ್ಯಾಂಡರ್‌ಗಳು ಅಗಲ ಅಲಗಿನ ಕತ್ತಿ ಹಿರಿದು ನುಗ್ಗಿದರು. ಎದುರಾಳಿಗಳು ರಾತ್ರಿಯೇ ಸೇತುವೆಯ ಹಲಗೆಗಳನ್ನು ಕಿತ್ತು, ಉಳಿದ ತೊಲೆಗಳಿಗೆ ಜಿಡ್ಡು ಬಳಿದಿದ್ದರು. ಜಾರುವ ತೊಲೆಯ ಮೇಲೆ ಕಾಲಿಟ್ಟವರ ಮೇಲೆ ಆಚೆ ದಡದಿಂದ ಗುಂಡಿನ ಮಳೆ. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಯಿತು, ನೂರಾರು ಜನ ಸೆರೆಸಿಕ್ಕರು.

ಇಲ್ಲಿ ನಮ್ಮ ನೆಲಕ್ಕೂ ಒಂದು ಎಳೆ ಬರುತ್ತದೆ. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಶರಣಾದಾಗ ಅದರಲ್ಲಿ ಫ್ರೇಸರ್ಸ್ ಹೈಲ್ಯಾಂಡರ್ಸ್ ಎಂಬ 71ನೇ ಪಲ್ಟನ್ನಿನ ಜನರೂ ಇದ್ದರು. ಯುದ್ಧ ಮುಗಿದ ಮೇಲೆ ಆ ಪಲ್ಟನ್ನನ್ನು ವಿಸರ್ಜಿಸಿದರು. ಖಾಲಿಯಾದ 71ನೇ ಸಂಖ್ಯೆ 1786ರಲ್ಲಿ ಸಿಕ್ಕಿದ್ದು ಮ್ಯಾಕ್ಲಿಯಡ್ ಹೈಲ್ಯಾಂಡರ್ಸ್ ಪಲ್ಟನ್ನಿಗೆ. ಅವರು ಆಗಲೇ ಭಾರತದಲ್ಲಿದ್ದರು. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರನ ಸೇನೆ ಪುಡಿಗಟ್ಟಿದ ದಂಡಿನಲ್ಲಿ ಇದೇ ಪಲ್ಟನ್ನಿನ ಡೇವಿಡ್ ಬೇರ್ಡ್ ಇದ್ದ. ಅವನು ಸುಮಾರು ನಾಲ್ಕು ವರ್ಷ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದು, 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿದ ದಂಡಿನ ಮುಂದಾಳಾಗಿ ಬಂದ. ಯಾರ್ಕ್‌ಟೌನ್‌ನಲ್ಲಿ ಸೋತ ಕಾರ್ನ್‌ವಾಲಿಸ್‌ನೇ 1791ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದದ್ದು ನಿಮಗೆ ಗೊತ್ತೇ ಇದೆ. ಅಮೆರಿಕದಲ್ಲಿ ಬ್ರಿಟಿಷರ ಸೋಲನ್ನೂ ಮೈಸೂರಿನ ಸೋಲನ್ನೂ ಬೇರೆಬೇರೆ ಪುಸ್ತಕಗಳಲ್ಲಿ ಓದುವ ನಮಗೆ, ಎರಡರ ನಡುವೆ ಇಂಥ ಎಳೆಗಳಿವೆ ಎಂಬುದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಪರವಾಗಿ ನಿಂತ ಹೈಲ್ಯಾಂಡ್ ಪಲ್ಟನ್‌ಗಳಲ್ಲಿ ಹೆಸರು ಉಳಿಸಿಕೊಂಡದ್ದು 79ನೇ ನ್ಯೂಯಾರ್ಕ್. 1850ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ನಗರದ ಸ್ಕಾಟ್ ವಲಸಿಗರು ಸೇರಿ ಕಟ್ಟಿಕೊಂಡ ಮಿಲಿಷಿಯಾ, ಅಂದರೆ ನಾಗರಿಕರ ಅರೆಕಾಲಿಕ ಪಡೆ ಅದು. ಕಲ್ಲುಕೆಲಸದವರು, ಗುಮಾಸ್ತರು, ಅಂಗಡಿಯವರು ಸಂಜೆ ಹೊತ್ತು ಕವಾಯತು ಮಾಡುತ್ತಿದ್ದರು. ಬ್ರಿಟಿಷ್ ಸೇನೆಯ 79ನೇ ಕ್ಯಾಮರನ್ ಹೈಲ್ಯಾಂಡರ್ಸ್ ಮೇಲಿನ ಅಭಿಮಾನಕ್ಕೆ ಅದೇ ಸಂಖ್ಯೆಯನ್ನು ಇಟ್ಟುಕೊಂಡರು, ಅದೇ ಕ್ಯಾಮರನ್ ಆಫ್ ಎರಾಕ್ಟ್ ಟಾರ್ಟನ್, ಅಂದರೆ ಬಣ್ಣದ ಚೌಕಳಿಯ ಉಣ್ಣೆ ಬಟ್ಟೆ, ಆರಿಸಿಕೊಂಡರು.

ಮೆರವಣಿಗೆಯ ದಿನ ಅವರ ಉಡುಗೆ ಹೇಗಿತ್ತು ನೋಡಿ. ಕೆಂಪು ಅಂಚಿನ ಕಡುನೀಲಿ ಗಿಡ್ಡ ಕೋಟು. ತಲೆಗೆ ದೋಣಿಯಾಕಾರದ ಗ್ಲೆಂಗ್ಯಾರಿ ಟೋಪಿ. ಸೊಂಟಕ್ಕೆ ಟಾರ್ಟನ್ ಕಿಲ್ಟ್, ಅದರ ಮುಂದೆ ಕೂದಲಿನ ಸ್ಪೊರ್ರನ್ ಚೀಲ. ಮೊಣಕಾಲಿನವರೆಗೆ ಕೆಂಪು ಬಿಳಿ ಚೌಕಳಿಯ ಕಾಲುಚೀಲ. ಕಿಲ್ಟ್ ಎಂದರೆ ಒಂದು ತುಂಡು ಬಟ್ಟೆ ಸುತ್ತಿಕೊಂಡ ಹಾಗಲ್ಲ. ಪೂರ್ತಿ ಕಿಲ್ಟಿಗೆ ಎಂಟು ಗಜದಷ್ಟು ಉಣ್ಣೆ ಬೇಕು. ಮುಂಭಾಗ ಸಪಾಟು, ಹಿಂಭಾಗಕ್ಕೆಲ್ಲ ಒತ್ತೊತ್ತಾಗಿ ನೆರಿಗೆ, ಆ ನೆರಿಗೆಗಳನ್ನು ಕೈಯಲ್ಲಿ ಹೊಲಿಯಬೇಕು. ಮಳೆಯಲ್ಲಿ ನೆನೆದರೆ ಹೊರಲಾರದ ಭಾರ. ಒದ್ದೆ ಅಂಚು ಮೊಣಕಾಲಿನ ಹಿಂಬದಿಯ ಚರ್ಮವನ್ನು ಉಜ್ಜಿ ಗಾಯ ಮಾಡುತ್ತದೆ. ನೆರಿಗೆಯೊಳಗೆ ಹೇನು ಸೇರಿದರೆ ಬಿಡಿಸುವುದು ಕಷ್ಟ. ದಿನಗೂಲಿಯ ಮೇಲೆ ಬದುಕುವವರು ಇಂಥ ಬಟ್ಟೆಗೆ ದುಡ್ಡು ಸುರಿದರು ಎಂದರೆ ಅದು ಅವರಿಗೆ ಏನಾಗಿತ್ತು ಎಂಬುದನ್ನು ಊಹಿಸಿಕೊಳ್ಳಿ.

1860ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಯುವರಾಜ ನ್ಯೂಯಾರ್ಕಿಗೆ ಬಂದ. 79ನೆಯವರು ಸಂಭ್ರಮದಿಂದ ಗೌರವ ಕಾವಲಿಗೆ ನಿಂತರು. ಅದೇ ನಗರದ ಐರಿಷ್ ಪಲ್ಟನ್ 69ನೇ ನ್ಯೂಯಾರ್ಕ್. ಅದರ ಕರ್ನಲ್ ಮೈಕೆಲ್ ಕಾರ್ಕೊರನ್ ತನ್ನ ಜನರನ್ನು ಆ ಮೆರವಣಿಗೆಗೆ ಕಳಿಸಲಾರೆ ಎಂದು ಖಂಡತುಂಡವಾಗಿ ಹೇಳಿ ಕೋರ್ಟ್‌ಮಾರ್ಷಲ್ ಎದುರಿಸಿದ. ಐರ್ಲೆಂಡಿನ ಕ್ಷಾಮ ಅವರಿಗೆ ಇನ್ನೂ ಹಸಿ ಗಾಯವಾಗಿತ್ತು. ಇದಾಗಿ ಒಂಬತ್ತು ತಿಂಗಳಿಗೆ, 1861ರ ಜುಲೈ 21ರಂದು, ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಬುಲ್ ರನ್ ರಣರಂಗದಲ್ಲಿ ಈ ಎರಡೂ ಪಲ್ಟನ್‌ಗಳು ಉತ್ತರದ ಸೇನೆಯ ವಿಲಿಯಂ ಶರ್ಮನ್ನನ ಒಂದೇ ಬ್ರಿಗೇಡಿನಲ್ಲಿದ್ದವು.

ಅಷ್ಟು ಹೊತ್ತಿಗೆ ಕಿಲ್ಟ್ ಪೆಟ್ಟಿಗೆ ಸೇರಿತ್ತು. ಯುದ್ಧ ಶುರುವಾಗಿ ಪಲ್ಟನ್ ಮೂರು ಪಟ್ಟು ಬೆಳೆದಾಗ ಹೊಸಬರಿಗೆಲ್ಲ ಕಿಲ್ಟ್ ಹೊಂದಿಸುವವರು ಯಾರು? ಬುಲ್ ರನ್ನಿಗೆ ಹೋಗುವಾಗ ಬಹುತೇಕ ಎಲ್ಲರ ಕಾಲಿಗೂ ಪ್ಯಾಂಟು ಬಂದಿತ್ತು, ಟಾರ್ಟನ್ನಿನದೋ ಸರ್ಕಾರಿ ನೀಲಿಯದೋ. ಕಿಲ್ಟ್ ಉಟ್ಟು ಬುಲ್ ರನ್ ಗುಡ್ಡ ಹತ್ತಿದ ಹೈಲ್ಯಾಂಡರ್‌ಗಳ ಚಿತ್ರಗಳು ಬೇಕಾದಷ್ಟಿವೆ. ಚಿತ್ರಕಾರರ ಆಸೆ ಅರ್ಥವಾಗುತ್ತದೆ, ಆದರೆ ಅವನ್ನು ದಾಖಲೆಯೆಂದು ನಂಬಬಾರದು. ಶರ್ಮನ್ ತನ್ನ ಪಲ್ಟನ್‌ಗಳನ್ನು ಒಂದರ ಹಿಂದೆ ಒಂದರಂತೆ ಹೆನ್ರಿ ಹೌಸ್ ಗುಡ್ಡಕ್ಕೆ ಕಳಿಸಿದ. ಒಟ್ಟಿಗೆ ಹೋಗಿದ್ದರೆ ಏನಾಗುತ್ತಿತ್ತೋ, ಬಿಡಿಬಿಡಿಯಾಗಿ ಹೋದದ್ದಕ್ಕೆ ಪ್ರತಿಯೊಂದೂ ಪ್ರತ್ಯೇಕವಾಗಿ ಏಟು ತಿಂದಿತು. 79ರ ಕರ್ನಲ್ ಜೇಮ್ಸ್ ಕ್ಯಾಮರನ್ ಅಲ್ಲೇ ಸತ್ತ. ಲಿಂಕನ್ನನ ಯುದ್ಧ ಮಂತ್ರಿ ಸೈಮನ್ ಕ್ಯಾಮರನ್ನನ ತಮ್ಮ ಅವನು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಎಲ್ಲ ಸೇರಿ ಪಲ್ಟನ್ನಿನ ನಷ್ಟ 198.

ಮುಂದೆ ನಡೆದದ್ದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಿಲ್ಟಿಗಿಂತ ದೊಡ್ಡ ವಿಷಯವೊಂದು ಅಲ್ಲಿದೆ.

ಪೆಟ್ಟು ತಿಂದ ಪಲ್ಟನ್ನನ್ನು ನ್ಯೂಯಾರ್ಕಿಗೆ ಕಳಿಸಿ, ಹೊಸಬರನ್ನು ಸೇರಿಸಿಕೊಳ್ಳಲು ಬಿಡುತ್ತಾರೆ ಎಂಬ ನಂಬಿಕೆ ಜವಾನರಲ್ಲಿ ಹುಟ್ಟಿತ್ತು. ಮಂತ್ರಿಯೇ ಒಪ್ಪಿದ್ದಾನೆ ಎಂಬ ಮಾತೂ ಇತ್ತು. ಅದು ಆಗಲಿಲ್ಲ. ಜೊತೆಗೆ, ತಮ್ಮ ಕರ್ನಲ್‌ನನ್ನು ತಾವೇ ಆರಿಸುವುದು ಮಿಲಿಷಿಯಾದ ರೂಢಿ. ಸರ್ಕಾರ ಅದನ್ನು ಬದಿಗಿಟ್ಟು ಐಸಾಕ್ ಸ್ಟೀವನ್ಸ್ ಎಂಬುವನನ್ನು ತಂದು ಕೂರಿಸಿತು. ಇವನು ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ 1839ರ ತಂಡಕ್ಕೇ ಮೊದಲಿಗ, ವಾಷಿಂಗ್ಟನ್ ಟೆರಿಟರಿಯ ಗವರ್ನರ್ ಆಗಿದ್ದವ. ಸ್ಕಾಟ್ ಅಲ್ಲ. 1861ರ ಆಗಸ್ಟ್ 14ರಂದು ಗುಡಾರ ಕಿತ್ತು ಹೊರಡಿ ಎಂಬ ಆಜ್ಞೆ ಬಂದಾಗ ಜವಾನರು ಕದಲಲಿಲ್ಲ. ಜನರಲ್ ಮೆಕ್ಲೆಲನ್ ಖಾಯಂ ಸೇನೆಯ ಕಾಲಾಳು, ಕುದುರೆ ದಂಡು, ಫಿರಂಗಿಗಳನ್ನು ಕಳಿಸಿ ಅವರ ಬಿಡಾರವನ್ನು ಸುತ್ತುಗಟ್ಟಿಸಿದ. ಮುಂದಾಳುಗಳು ಬಂಧನಕ್ಕೊಳಗಾದರು. ಅದಕ್ಕಿಂತ ಜವಾನರನ್ನು ಹೆಚ್ಚು ಚುಚ್ಚಿದ್ದು ಪಲ್ಟನ್ನಿನ ಧ್ವಜಗಳನ್ನು ಕಿತ್ತುಕೊಂಡದ್ದು. ಯೋಗ್ಯರೆಂದು ತೋರಿಸುವವರೆಗೆ ಧ್ವಜ ಇಲ್ಲ ಎಂದಾಯಿತು. ಸುಮಾರು ಒಂದು ತಿಂಗಳ ಮೇಲೆ ಅವು ವಾಪಸ್ ಬಂದವು.

ನನಗೆ ಈ ದಂಗೆಯನ್ನು ಬರೀ ಅಶಿಸ್ತು ಎಂದು ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ತಾವೇ ಕಟ್ಟಿದ್ದು, ತಾವೇ ಹೆಸರಿಟ್ಟದ್ದು, ತಾವೇ ಬಟ್ಟೆ ಹೊಲಿಸಿದ್ದು ಎಂದುಕೊಂಡಿದ್ದವರಿಗೆ, ಅದು ಇನ್ನು ಮೇಲೆ ನಿಮ್ಮದಲ್ಲ, ಸರ್ಕಾರದ್ದು ಎಂದು ಫಿರಂಗಿಯ ಬಾಯಿಂದ ಹೇಳಿಸಿದ ದಿನ ಅದು. ಸರ್ಕಾರಕ್ಕೂ ಬೇರೆ ದಾರಿ ಇರಲಿಲ್ಲವೆನ್ನಿ. ಪ್ರತಿ ಊರು, ಪ್ರತಿ ಜನಾಂಗ ತನ್ನ ಲೆಕ್ಕದಲ್ಲಿ ಯುದ್ಧ ಮಾಡುತ್ತೇನೆಂದರೆ ದೇಶದ ಸೇನೆ ನಿಲ್ಲುವುದು ಹೇಗೆ?

ಅಚ್ಚರಿಯೆಂದರೆ ಅದೇ ಸ್ಟೀವನ್ಸ್ ಅವರಿಗೆ ಅಚ್ಚುಮೆಚ್ಚಾದ. ಅವನು ಜನರಲ್ ಆಗಿ ಮೇಲೇರಿದಾಗ ಪಲ್ಟನ್ ತಾನೂ ಅವನ ಜೊತೆಗೇ ಹೋಯಿತು. 1862ರ ಸೆಪ್ಟೆಂಬರ್ 1ರಂದು ಶಾಂಟಿಲಿಯಲ್ಲಿ, ಗುಡುಗು ಮಳೆಯ ನಡುವೆ, 79ರ ಧ್ವಜ ಹಿಡಿದವರು ಒಬ್ಬರ ಹಿಂದೊಬ್ಬರು ಬಿದ್ದರು. ಸ್ಟೀವನ್ಸ್ ತಾನೇ ಧ್ವಜ ಎತ್ತಿಕೊಂಡು, ನನ್ನ ಹೈಲ್ಯಾಂಡರ್‌ಗಳೇ, ನಿಮ್ಮ ಜನರಲ್‌ನ ಹಿಂದೆ ಬನ್ನಿ ಎಂದು ಕೂಗುತ್ತ ಮುನ್ನುಗ್ಗಿದ. ತಲೆಗೆ ಗುಂಡು ಬಿದ್ದು ಆ ಧ್ವಜದೊಂದಿಗೇ ಕುಸಿದ. ಒಂದು ವರ್ಷದ ಹಿಂದೆ ಅವನನ್ನು ಬೇಡವೆಂದವರ ಧ್ವಜ ಅದು.

ಆ ವರ್ಷದ ಇನ್ನೊಂದು ಕದನವನ್ನೂ ಹೇಳಲೇಬೇಕು. ಜೂನ್ 16ರಂದು, ಚಾರ್ಲ್ಸ್‌ಟನ್ ಪಕ್ಕದ ಜೇಮ್ಸ್ ದ್ವೀಪದಲ್ಲಿ, ಸೆಸೆಷನ್‌ವಿಲ್ ಎಂಬಲ್ಲಿ ಮಣ್ಣಿನ ಕೋಟೆಯೊಂದರ ಮೇಲೆ 79ನೆಯವರು ಏರಿಹೋದರು. ಎರಡೂ ಕಡೆ ಜವುಗು, ನಡುವೆ ಇಕ್ಕಟ್ಟಾದ ಹತ್ತಿಯ ಹೊಲ. ಕೆಲವರು ದಿಬ್ಬದ ನೆತ್ತಿಯವರೆಗೂ ಹತ್ತಿದರು. ನೂರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು ಹಿಂದೆ ಬಂದರು. ಅವರಲ್ಲಿ ಅಲೆಕ್ಸಾಂಡರ್ ಕ್ಯಾಂಬೆಲ್ ಎಂಬ ಕಲ್ಲುಕುಟಿಗನಿದ್ದ. ಕೋಟೆಯ ಒಳಗೆ, ದಕ್ಷಿಣದವರ ಚಾರ್ಲ್ಸ್‌ಟನ್ ಬೆಟಾಲಿಯನ್ನಿನಲ್ಲಿ, ಅವನ ಒಡಹುಟ್ಟಿದ ಜೇಮ್ಸ್ ಕ್ಯಾಂಬೆಲ್ ಇದ್ದ. ಸ್ಕಾಟ್ಲೆಂಡಿನಿಂದ ಬಂದು ಒಬ್ಬ ನ್ಯೂಯಾರ್ಕಿನಲ್ಲೂ ಇನ್ನೊಬ್ಬ ಚಾರ್ಲ್ಸ್‌ಟನ್‌ನಲ್ಲೂ ನೆಲೆಯಾದವರು. ಎದುರಿಗಿದ್ದವನು ತನ್ನ ಒಡಹುಟ್ಟಿದವನೆಂದು ಜೇಮ್ಸ್‌ಗೆ ತಿಳಿದದ್ದು ಸೆರೆಸಿಕ್ಕವರ ಬಾಯಿಂದ. ಅವನು ಕಾಗದ ಬರೆದ: ನಾವಿಬ್ಬರೂ ಇನ್ನೆಂದೂ ಹೀಗೆ ಎದುರುಬದುರಾಗದಿರಲಿ, ಆದರೆ ಹಾಗಾದರೆ ನೀನು ನಿನ್ನ ಕರ್ತವ್ಯ ಮಾಡು, ನಾನು ನನ್ನದನ್ನು ಮಾಡುತ್ತೇನೆ ಎಂದು. ಇಬ್ಬರೂ ಯುದ್ಧದಲ್ಲಿ ಬದುಕಿ ಉಳಿದರು, ಅವರ ಕಾಗದಗಳೂ ಉಳಿದವು. ಒಂದೇ ಜನಾಂಗ ಎಂಬ ಅಭಿಮಾನ ಪಲ್ಟನ್ ಕಟ್ಟಬಲ್ಲದು, ಯಾವ ಕಡೆ ನಿಲ್ಲಬೇಕು ಎಂಬುದನ್ನು ಮಾತ್ರ ಆ ಅಭಿಮಾನ ಹೇಳಿಕೊಡಲಿಲ್ಲ.

79ನೆಯವರು 1863ರ ನವೆಂಬರ್ 29ರಂದು ನಾಕ್ಸ್‌ವಿಲ್‌ನ ಫೋರ್ಟ್ ಸ್ಯಾಂಡರ್ಸ್ ಕೋಟೆಯನ್ನೂ ಉಳಿಸಿಕೊಂಡರು. ಮರದ ಮೋಟುಗಳ ನಡುವೆ ಬಿಗಿದ ಟೆಲಿಗ್ರಾಫ್ ತಂತಿಗೆ ಎಡವಿ ಬಿದ್ದ ದಕ್ಷಿಣದ ಜನರಲ್ ಲಾಂಗ್‌ಸ್ಟ್ರೀಟ್‌ನ ಸೇನೆ ಕಂದಕದಲ್ಲೇ ಸಿಕ್ಕಿಕೊಂಡಿತು. ಯುದ್ಧ ಮುಗಿದ ಮೇಲೆ ಮಿಲಿಷಿಯಾ ಮತ್ತೆ ಮೆರವಣಿಗೆಗೆ ಇಳಿಯಿತು. 1876ರಲ್ಲಿ ನ್ಯೂಯಾರ್ಕ್ ರಾಜ್ಯ ಅದನ್ನು ವಿಸರ್ಜಿಸಿತು. ಇಲಿನಾಯ್‌ನಲ್ಲೂ 65ನೇ ಪಲ್ಟನ್ ಸ್ಕಾಚ್ ರೆಜಿಮೆಂಟ್ ಎಂದು ಕರೆಸಿಕೊಂಡಿತ್ತು. ಮೊದಲನೇ ಮಹಾಯುದ್ಧದ ಹೊತ್ತಿಗೆ ಕಿಲ್ಟ್ ಉಟ್ಟೇ ಹೋಗಬೇಕು ಎಂಬ ಅಮೆರಿಕನ್ನರಿಗೆ ಕೆನಡಾದ ಪಲ್ಟನ್‌ಗಳೇ ಗತಿ.

ಹಾಗಾದರೆ ಬ್ಯಾಗ್‌ಪೈಪ್ ಏನಾಯಿತು? ಬ್ರಿಟಿಷ್ ಸೇನೆ 1854ರಲ್ಲಿ ಹೈಲ್ಯಾಂಡ್ ಪಲ್ಟನ್‌ಗಳಿಗೆ ಒಬ್ಬ ಪೈಪ್ ಮೇಜರ್, ಐವರು ಪೈಪರ್‌ಗಳನ್ನು ಅಧಿಕೃತವಾಗಿ ಮಂಜೂರು ಮಾಡಿತು. ಅಮೆರಿಕದ ಅಂತರ್ಯುದ್ಧದ ಕಾಲದ ನಿಯಮಾವಳಿಯಲ್ಲಿದ್ದದ್ದು ಕೊಳಲು, ತಮಟೆ, ಕಹಳೆ. ಪೈಪರ್‌ಗೆ ಸಂಬಳದ ಜಾಗವೇ ಇರಲಿಲ್ಲ. ಆದರೂ ಕಿಲ್ಟ್ ಪಲ್ಟನ್‌ಗಿಂತ ಪೈಪ್ ಹೆಚ್ಚು ಕಾಲ ಬಾಳಿತು. ಎರಡನೇ ಮಹಾಯುದ್ಧದಲ್ಲಿ ಉತ್ತರ ಐರ್ಲೆಂಡಿನ ಲಂಡನ್‌ಡೆರಿ ನೆಲೆಯನ್ನು ಕಾಯುತ್ತಿದ್ದ ಅಮೆರಿಕದ ಮರೀನ್‌ಗಳು ಅಲ್ಲಿಯೇ ಕಲಿತು ತಮ್ಮದೊಂದು ಪೈಪ್ ಬ್ಯಾಂಡ್ ಕಟ್ಟಿಕೊಂಡರು.

ವಾದ್ಯದ ಸ್ವಭಾವವನ್ನು ಸ್ವಲ್ಪ ಹೇಳಿದರೆ ಇದಕ್ಕೆ ಕಾರಣ ತಿಳಿಯುತ್ತದೆ. ಚೀಲಕ್ಕೆ ಗಾಳಿ ಊದಿ, ತೋಳಿನಿಂದ ಒಂದೇ ಸಮ ಒತ್ತುತ್ತಿರಬೇಕು. ಭುಜದ ಮೇಲೆ ನಿಂತ ಮೂರು ಕೊಳವೆಗಳು ನಮ್ಮ ಓಲಗದ ಶ್ರುತಿಯ ಹಾಗೆ ಬಿಡುವಿಲ್ಲದೆ ಮೊಳಗುತ್ತವೆ. ಬೆರಳಾಡುವ ಕೊಳವೆಗೆ ಇರುವುದು ಒಂಬತ್ತೇ ಸ್ವರ. ಮೆಲ್ಲಗೆ ನುಡಿಸಲು ಬರುವುದಿಲ್ಲ, ನಡುವೆ ನಿಲ್ಲಿಸಲೂ ಬರುವುದಿಲ್ಲ. ಒಂದೇ ಸ್ವರ ಎರಡು ಸಲ ಬರಬೇಕೆಂದರೆ ನಡುವೆ ಚಿಟಿಕೆಯಷ್ಟು ಹೊತ್ತು ಬೇರೊಂದು ಸ್ವರ ತಾಕಿಸಿಯೇ ಬೇರ್ಪಡಿಸಬೇಕು. ಅದರ ಅಲಂಕಾರವೆಲ್ಲ ಹುಟ್ಟಿದ್ದು ಆ ಕೊರತೆಯಿಂದ. ಬಯಲಿನಲ್ಲಿ, ಗಾಳಿಯಲ್ಲಿ, ಮೈಲಿ ದೂರಕ್ಕೂ ಕೇಳಿಸುವ ದನಿ. ಗಣರಾಜ್ಯೋತ್ಸವದ ದಿನ ಬೆಂಗಳೂರಿನ ಮಾಣೆಕ್‌ಷಾ ಮೈದಾನದಲ್ಲಿ ನಮ್ಮ ಸೇನೆಯ ಪೈಪ್ ಬ್ಯಾಂಡ್ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ವಾಯುಪಡೆ 1960ರಲ್ಲಿ ಒಂದು ಪೈಪ್ ಬ್ಯಾಂಡ್ ಕಟ್ಟಿತು. ವಾಯುಯುದ್ಧದ ಪರವಾಗಿ ವಾದಿಸಿ ಕೋರ್ಟ್‌ಮಾರ್ಷಲ್ ಆದ ಬಿಲ್ಲಿ ಮಿಚೆಲ್‌ನ ಗೌರವಾರ್ಥ ಅದಕ್ಕೆ ಮಿಚೆಲ್ ಟಾರ್ಟನ್ ಆರಿಸಿದರು. 1963ರ ನವೆಂಬರ್ 25ರಂದು ಅಧ್ಯಕ್ಷ ಕೆನಡಿಯ ಅಂತ್ಯಕ್ರಿಯೆಯಲ್ಲಿ, ಆರ್ಲಿಂಗ್ಟನ್ ಸ್ಮಶಾನದಲ್ಲಿ ನುಡಿಸಿದ್ದು ಈ ಬ್ಯಾಂಡ್. ಅದೇ ದಿನ ಶ್ವೇತಭವನದಿಂದ ಸೇಂಟ್ ಮ್ಯಾಥ್ಯೂ ಚರ್ಚಿನವರೆಗೆ ನುಡಿಸುತ್ತ ನಡೆದವರು ಬ್ರಿಟನ್ನಿನ ಬ್ಲ್ಯಾಕ್ ವಾಚ್ ಪಲ್ಟನ್ನಿನ ಒಂಬತ್ತು ಪೈಪರ್‌ಗಳು. ಹನ್ನೆರಡು ದಿನ ಮುಂಚೆ, ನವೆಂಬರ್ 13ರಂದು, ಶ್ವೇತಭವನದ ಹುಲ್ಲುಹಾಸಿನ ಮೇಲೆ ಸಾವಿರಕ್ಕೂ ಹೆಚ್ಚು ಮಕ್ಕಳೆದುರು ಅವರ ಪಲ್ಟನ್ ಪ್ರದರ್ಶನ ಕೊಟ್ಟಾಗ ಕೆನಡಿ ಮನೆಮಂದಿಯೊಡನೆ ನೋಡಿದ್ದರು. ಅದನ್ನು ನೆನಪಿಟ್ಟೇ ಅವರ ಪತ್ನಿ ಪೈಪರ್‌ಗಳನ್ನು ಕರೆಸಿದ್ದು. ಇದೇ ಬ್ಲ್ಯಾಕ್ ವಾಚ್ 1776ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಹೈಟ್ಸ್‌ನಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೇನೆಯ ಎದುರು ಕಾದಾಡಿತ್ತು. ಆ ದಿನ ಟೆಲಿವಿಷನ್ನಿನ ಮುಂದೆ ಕೂತಿದ್ದ ಕೋಟ್ಯಂತರ ಅಮೆರಿಕನ್ನರ ಮನಸ್ಸಿನಲ್ಲಿ ದೇಶದ ಶೋಕಕ್ಕೂ ಬ್ಯಾಗ್‌ಪೈಪಿಗೂ ನಂಟು ಭದ್ರವಾಯಿತು ಎಂದು ನಾನು ನಂಬುತ್ತೇನೆ. ವಾಯುಪಡೆಯ ಆ ಬ್ಯಾಂಡ್ ಮಾತ್ರ 1970ರ ಹೊತ್ತಿಗೆ ಮುಚ್ಚಿಹೋಯಿತು.

1960ರ ದಶಕದಲ್ಲೇ ನ್ಯೂಯಾರ್ಕಿನ ಪೊಲೀಸರೂ ಅಗ್ನಿಶಾಮಕ ದಳದವರೂ ಎಮರಾಲ್ಡ್ ಸೊಸೈಟಿ ಎಂಬ ತಮ್ಮ ಐರಿಷ್ ಸಂಘಗಳ ಪೈಪ್ ಬ್ಯಾಂಡ್‌ಗಳನ್ನು ಶುರು ಮಾಡಿದರು. ಐರಿಷ್ ಮನೆತನದವರು, ನುಡಿಸುವುದು ಹೈಲ್ಯಾಂಡ್ ಪೈಪ್. 2001ರ ಸೆಪ್ಟೆಂಬರ್ 11ರಂದು ಸತ್ತ 343 ಅಗ್ನಿಶಾಮಕ ಸಿಬ್ಬಂದಿಗಾಗಿ ಆ ಬ್ಯಾಂಡಿನವರು ತಿಂಗಳುಗಟ್ಟಲೆ, ಒಂದೇ ದಿನ ಹಲವು ಕಡೆ ಹಂಚಿಹೋಗಿ, ಅಂತ್ಯಕ್ರಿಯೆಗಳಲ್ಲಿ ನುಡಿಸಿದರು. ಇವರು ಸೈನಿಕರಲ್ಲ, ನನ್ನ ವಿಷಯದ ಗಡಿ ದಾಟಿದ್ದೇನೆ. ಆದರೆ ಅವರನ್ನು ಬಿಟ್ಟು ಈ ಮಾತು ಮುಂದುವರಿಸಲು ನನಗೆ ಮನಸ್ಸಾಗಲಿಲ್ಲ.

ಇಂದು ಅಮೆರಿಕದ ಸೇನೆಯ ಹೆಸರಿನಲ್ಲಿ ಕಿಲ್ಟ್ ಉಡುವವರಲ್ಲಿ ಹೆಚ್ಚಿನವರು ತಾವಾಗಿ ಬಂದವರು. ವೆಸ್ಟ್ ಪಾಯಿಂಟ್‌ನ ಪೈಪ್ ಬ್ಯಾಂಡ್ ಕೆಡೆಟ್‌ಗಳು ಪಾಠ, ಕವಾಯತಿನ ನಡುವೆ ಬಿಡುವು ಮಾಡಿಕೊಂಡು ನಡೆಸುವ ಕ್ಲಬ್. ಕರಾವಳಿ ರಕ್ಷಣಾ ಪಡೆಯ ಪೈಪ್ ಬ್ಯಾಂಡ್ 2002ರಲ್ಲಿ ಶುರುವಾಯಿತು. ಅದರಲ್ಲಿ ಸೇವೆಯಲ್ಲಿರುವವರೂ ಇದ್ದಾರೆ, ಸ್ವಯಂಸೇವಕರೂ ಇದ್ದಾರೆ. ಅವರ ಟಾರ್ಟನ್ ಹ್ಯಾಮಿಲ್ಟನ್ ಮನೆತನದ್ದನ್ನು ಆಧರಿಸಿದ್ದು, ಏಕೆಂದರೆ ಆ ಪಡೆಯ ಮೂಲ ರೂಪವನ್ನು 1790ರಲ್ಲಿ ಹುಟ್ಟುಹಾಕಿದವನು ಅಲೆಕ್ಸಾಂಡರ್ ಹ್ಯಾಮಿಲ್ಟನ್. ನೌಕಾಪಡೆಯ ಟಾರ್ಟನ್‌ಗಳಿಗೆ ಸ್ಕಾಟ್ಲೆಂಡೇ ತವರು. 1964ರ ಪೊಲಾರಿಸ್ ಟಾರ್ಟನ್ ಹುಟ್ಟಿದ್ದು ಹೋಲಿ ಲಾಕ್‌ನಲ್ಲಿ ನಿಂತಿದ್ದ ಅಣ್ವಸ್ತ್ರ ಜಲಾಂತರ್ಗಾಮಿಗಳ ನಾವಿಕರಿಗಾಗಿ, 1985ರದ್ದು ಎಡ್ಜೆಲ್ ಎಂಬ ಊರಿನ ನೆಲೆಗಾಗಿ.

ನಿಮ್ಮಲ್ಲಿ ಯಾರಾದರೂ, ಅಥವಾ ಅಲ್ಲಿರುವ ನಿಮ್ಮ ಮಕ್ಕಳು, ಸೌತ್ ಕೆರೊಲಿನಾದ ಕಡೆ ಹೋದರೆ ಚಾರ್ಲ್ಸ್‌ಟನ್‌ನಲ್ಲಿ ಸಿಟಡೆಲ್ ಎಂಬ ಮಿಲಿಟರಿ ಕಾಲೇಜಿದೆ. ಅಲ್ಲಿ 1955ರಲ್ಲಿ ಪೈಪ್ ಬ್ಯಾಂಡ್ ಶುರು ಮಾಡಿಸಿದವರು ಇಟಲಿಯ ರಣರಂಗದಲ್ಲಿ ಐದನೇ ಸೇನೆಯನ್ನು ನಡೆಸಿದ್ದ ಜನರಲ್ ಮಾರ್ಕ್ ಕ್ಲಾರ್ಕ್. ಕಾಲೇಜು ನಡೆಯುವ ದಿನಗಳಲ್ಲಿ ಶುಕ್ರವಾರದ ಪರೇಡ್ ನೋಡಲು ಜನರಿಗೆ ಪ್ರವೇಶ ಉಂಟು. ನೋಡಿದ ಮೇಲೆ ಜೇಮ್ಸ್ ದ್ವೀಪಕ್ಕೂ ಹೋಗಿ ಬನ್ನಿ. 79ನೆಯವರು ಏರಿ ಹೋದ ಆ ಮಣ್ಣಿನ ಕೋಟೆಯನ್ನು ಫೋರ್ಟ್ ಲಾಮಾರ್ ಎಂಬ ಹೆಸರಿನಲ್ಲಿ ಕಾಪಾಡಿದ್ದಾರೆ. ದಿಬ್ಬದ ಮೇಲೆ ಮರಗಳು ಬೆಳೆದಿವೆ, ಆದರೂ ಹೊಲ ಎಷ್ಟು ಇಕ್ಕಟ್ಟಾಗಿತ್ತು, ಜವುಗು ಎಲ್ಲಿಂದ ಶುರುವಾಗುತ್ತಿತ್ತು ಎಂಬುದು ಅಲ್ಲಿ ನಿಂತರೆ ಸ್ಪಷ್ಟವಾಗಿ ಕಾಣುತ್ತದೆ.